ಪಂಪ್ ಎಲ್ಲಿರಬೇಕು ಎಂದು ಕೇಳುವ ಮುನ್ನ ಟ್ಯಾಂಕ್ ಎಲ್ಲಿದೆ ನೋಡಿ

ಅಮೆರಿಕದ ಈಶಾನ್ಯ ರಾಜ್ಯಗಳಲ್ಲಿ ಹಳೆಯ ಮನೆ ಕೊಂಡಿರುವ ಕನ್ನಡಿಗರಿಂದ ಬಿಸಿನೀರು ಹರಿಸಿ ಮನೆಯನ್ನು ಬೆಚ್ಚಗಿಡುವ ವ್ಯವಸ್ಥೆಯ ಬಗ್ಗೆ ಚಳಿಗಾಲಕ್ಕೆ ಮುಂಚೆ ಬರುವ ಪ್ರಶ್ನೆಗಳು ಬಹುಮಟ್ಟಿಗೆ ಒಂದೇ ಆಗಿರುತ್ತವೆ. ಬಾಯ್ಲರ್ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಇಲ್ಲಿ ವಿವರಿಸುವುದಿಲ್ಲ.

ಪ್ರಶ್ನೆ: ನಮ್ಮದು ಮ್ಯಾಸಚೂಸೆಟ್ಸ್‌ನಲ್ಲಿ ಎರಡು ಅಂತಸ್ತಿನ ಮನೆ. ಹಳೆಯ ಸರ್ಕ್ಯುಲೇಟರ್ (ಬಿಸಿನೀರನ್ನು ಸುತ್ತಿಸುವ ಪಂಪ್) ಕೆಟ್ಟದ್ದರಿಂದ ಹೊಸದನ್ನು ಅದೇ ಜಾಗದಲ್ಲಿ, ಅಂದರೆ ನೀರು ಬಾಯ್ಲರ್‌ಗೆ ಹಿಂದಿರುಗುವ ಪೈಪಿನಲ್ಲಿ, ಹಾಕಿಸಿದೆವು. ಅಂದಿನಿಂದ ಮೇಲಿನ ರೇಡಿಯೇಟರ್‌ಗಳಲ್ಲಿ ಗಾಳಿ ತುಂಬುತ್ತಿದೆ. ಗಾಳಿಯನ್ನು ತಾನಾಗಿಯೇ ಹೊರಬಿಡುವ ಆಟೊಮ್ಯಾಟಿಕ್ ವೆಂಟ್ ಹಾಕಿಸಿದರೂ ನಿಲ್ಲಲಿಲ್ಲ. ಇನ್ನೂ ದೊಡ್ಡ ಪಂಪ್ ಬೇಕೆಂದು ಪ್ಲಂಬರ್ ಹೇಳುತ್ತಾರೆ. ಹಾಕಿಸೋಣವೇ?

ಉತ್ತರ: ಬೇಡ. ದೊಡ್ಡ ಪಂಪ್ ಹಾಕಿಸಿದರೆ ತೊಂದರೆಯೂ ದೊಡ್ಡದಾಗುತ್ತದೆ. ಮುಚ್ಚಿದ ಸುತ್ತಿನಲ್ಲಿ ಪಂಪ್ ನೀರನ್ನು ಮಹಡಿಗೆ ಎತ್ತುವುದಿಲ್ಲ. ತನ್ನ ಎರಡು ಬದಿಗಳ ನಡುವೆ ಒತ್ತಡದ ವ್ಯತ್ಯಾಸವನ್ನಷ್ಟೇ ಉಂಟುಮಾಡುತ್ತದೆ. ಆ ವ್ಯತ್ಯಾಸವು ಪಂಪಿನ ಮುಂದೆ ಏರಿಕೆಯಾಗಬೇಕೋ ಹಿಂದೆ ಇಳಿಕೆಯಾಗಬೇಕೋ ಎಂಬುದನ್ನು ತೀರ್ಮಾನಿಸುವುದು, ಕಾದು ಹಿಗ್ಗಿದ ನೀರಿಗೆ ಜಾಗ ಕೊಡುವ, ಒಳಗೆ ಗಾಳಿಯಿರುವ ಎಕ್ಸ್‌ಪಾನ್ಷನ್ ಟ್ಯಾಂಕ್. ಟ್ಯಾಂಕಿನೊಳಗಿನ ಗಾಳಿಯ ಒತ್ತಡ ಬದಲಾಗಬೇಕಾದರೆ ಅದರೊಳಗೆ ನೀರು ಹೆಚ್ಚಬೇಕು ಅಥವಾ ಕಡಿಮೆಯಾಗಬೇಕು. ಪಂಪ್ ನೀರನ್ನು ಸೃಷ್ಟಿಸುವುದೂ ಇಲ್ಲ, ನುಂಗುವುದೂ ಇಲ್ಲವಾದ್ದರಿಂದ, ಟ್ಯಾಂಕ್ ಸೇರುವ ಜಾಗದಲ್ಲಿ ಪಂಪ್ ಓಡಿದರೂ ನಿಂತರೂ ಒತ್ತಡ ಒಂದೇ ಆಗಿರುತ್ತದೆ. ಬೆಲ್ ಅಂಡ್ ಗಾಸೆಟ್ ಕಂಪನಿಯ ಎಂಜಿನಿಯರ್ ಗಿಲ್ ಕಾರ್ಲ್‌ಸನ್ 1960ರ ದಶಕದಲ್ಲೇ ಇದನ್ನು ಬಿಡಿಸಿ ಹೇಳಿದ್ದರೂ ಇಂದಿಗೂ ಅನೇಕ ಪ್ಲಂಬರ್‌ಗಳ ಕಿವಿಗೆ ಅದು ಬಿದ್ದಿಲ್ಲ.

ನಿಮ್ಮ ಮನೆಯ ಲೆಕ್ಕವನ್ನೇ ನೋಡಿ. 2.31 ಅಡಿ ಎತ್ತರದ ನೀರು 1 ಪಿಎಸ್‌ಐ ಒತ್ತಡಕ್ಕೆ (ಚದರ ಇಂಚಿಗೆ ಒಂದು ಪೌಂಡ್) ಸಮ; ಇಲ್ಲಿನ ಅಂಕಿಗಳೆಲ್ಲ ಹೊರಗಿನ ವಾತಾವರಣದ ಒತ್ತಡಕ್ಕಿಂತ ಎಷ್ಟು ಹೆಚ್ಚು ಎಂಬ ಲೆಕ್ಕ. ಬೇಸ್‌ಮೆಂಟಿನಲ್ಲಿ ರೂಢಿಯಂತೆ 12 ಪಿಎಸ್‌ಐ ಇದ್ದು, ಮೇಲಿನ ರೇಡಿಯೇಟರ್ 20 ಅಡಿ ಎತ್ತರದಲ್ಲಿದ್ದರೆ, ಅಲ್ಲಿ ಉಳಿಯುವುದು ಸುಮಾರು 3.3 ಪಿಎಸ್‌ಐ. ಹೊಸ ಪಂಪ್ 15 ಅಡಿ ಹೆಡ್ (ನೀರಿನ ಎತ್ತರದಲ್ಲಿ ಅಳೆದ ಒತ್ತಡದ ವ್ಯತ್ಯಾಸ) ಕೊಡುತ್ತಿದ್ದರೆ ಅದು 6.5 ಪಿಎಸ್‌ಐ ಆಯಿತು. ಟ್ಯಾಂಕ್ ಬಾಯ್ಲರ್‌ನಿಂದ ನೀರು ಹೊರಡುವ ಕಡೆ ಇದ್ದು ಪಂಪ್ ಹಿಂದಿರುಗುವ ಪೈಪಿನಲ್ಲಿದ್ದರೆ, ಅದು ಟ್ಯಾಂಕಿನ ಕಡೆಗೇ ತಳ್ಳುತ್ತಿರುತ್ತದೆ. ಆದ್ದರಿಂದ ಆ 6.5ರ ಬಹುಪಾಲು ಇಳಿಕೆಯಾಗಿ ರೇಡಿಯೇಟರ್‌ಗಳ ಸಾಲಿನಲ್ಲಿ ಕಳೆದುಹೋಗುತ್ತದೆ. ಮೇಲಿನ ಸಾಲಿನ ಕೊನೆಯಲ್ಲಿ 4 ಪಿಎಸ್‌ಐ ಕಳೆದರೂ ಸಾಕು, ಒತ್ತಡವು ಹೊರಗಿನ ವಾತಾವರಣಕ್ಕಿಂತ ಕೆಳಗಿಳಿಯುತ್ತದೆ. ಆಗ ಗಾಳಿ ಬಿಡಲೆಂದು ಹಾಕಿಸಿದ ವೆಂಟೇ ಗಾಳಿಯನ್ನು ಒಳಗೆಳೆಯುತ್ತದೆ. ಪಂಪ್ ಓಡುವಾಗ ವೆಂಟಿನ ಬಾಯಿಗೆ ಒಂದು ಹನಿ ಸೋಪಿನ ನೀರು ಹಚ್ಚಿ. ಹನಿ ಗುಳ್ಳೆಯಾಗುವ ಬದಲು ಒಳಕ್ಕೆ ಸರಿದರೆ ಬೇರೆ ಸಾಕ್ಷಿ ಬೇಕಿಲ್ಲ. ಹಳೆಯ ದಪ್ಪ ಪಂಪಿನ ಹೆಡ್ ಕಡಿಮೆಯಿದ್ದುದರಿಂದ ಈ ದೋಷ ಅಷ್ಟು ಕಾಲ ಮರೆಯಾಗಿತ್ತು.

ಸರಿಯಾದ ಕ್ರಮವೆಂದರೆ, ಬಾಯ್ಲರ್‌ನಿಂದ ಬಿಸಿನೀರು ಹೊರಟ ಮೇಲೆ ಗಾಳಿ ಬೇರ್ಪಡಿಸುವ ಏರ್ ಸೆಪರೇಟರ್, ಅದರ ಕೆಳಗೆ ಟ್ಯಾಂಕ್, ಆಮೇಲೆ ಪಂಪ್, ಅನಂತರ ರೇಡಿಯೇಟರ್‌ಗಳ ಸಾಲು. ಹೀಗೆ ಜೋಡಿಸಿದಾಗ ಅದೇ 6.5 ಪಿಎಸ್‌ಐ ಪಂಪಿನ ಮುಂದೆ ಏರಿಕೆಯಾಗಿ ಸೇರುತ್ತದೆ. ಹೊಸ ನೀರು ತುಂಬುವ ಫಿಲ್ ವಾಲ್ವನ್ನೂ ಟ್ಯಾಂಕ್ ಸೇರುವ ಜಾಗದಲ್ಲೇ ಕೂಡಿಸಬೇಕು. ಪಂಪ್ ಎಳೆಯುವ ಬದಿಗೆ ಕೂಡಿಸಿದರೆ ಅದು ಇಳಿದ ಒತ್ತಡವನ್ನು ಕೊರತೆಯೆಂದು ತಿಳಿದು ನೀರು ಬಿಡುತ್ತಾ ಹೋಗುತ್ತದೆ, ಕೊನೆಗೆ ಮಿತಿಮೀರಿದ ಒತ್ತಡವನ್ನು ಹೊರಬಿಡುವ 30 ಪಿಎಸ್‌ಐನ ರಿಲೀಫ್ ವಾಲ್ವ್ ತೊಟ್ಟಿಕ್ಕುತ್ತದೆ. ಆ ವಾಲ್ವಿಗೆ ಪ್ಲಗ್ ಬಡಿಯುವ ಮಹಾಶಯರೂ ಇದ್ದಾರೆ. ಅಂಥವರನ್ನು ಬೇಸ್‌ಮೆಂಟಿಗೆ ಇಳಿಯಲು ಬಿಡಬೇಡಿ. ಪಂಪಿನ ಎರಡೂ ಕಡೆ ನೀರು ತಡೆಯುವ ಐಸೊಲೇಷನ್ ವಾಲ್ವ್ ಇರಲಿ, ಪಂಪಿನ ಶಾಫ್ಟ್ ಅಡ್ಡವಾಗಿಯೇ ಇರಲಿ. ಗೋಡೆಗೆ ತೂಗುಹಾಕುವ ಕಂಡೆನ್ಸಿಂಗ್ ಬಾಯ್ಲರ್ ಆಗಿದ್ದರೆ ಮಾತ್ರ ನನ್ನ ಮಾತಿಗಿಂತ ತಯಾರಕರ ನಕ್ಷೆಯೇ ಮೇಲು, ಏಕೆಂದರೆ ಕೆಲವದರಲ್ಲಿ ಪಂಪ್ ಒಳಗೇ ಇರುತ್ತದೆ.

ಪ್ರಶ್ನೆ: ಹಿಂದಿರುಗುವ ನೀರು ತಣ್ಣಗಿರುವುದರಿಂದ ಪಂಪ್ ಅಲ್ಲಿದ್ದರೆ ಹೆಚ್ಚು ಬಾಳುತ್ತದಂತೆ, ನಿಜವೇ?

ಉತ್ತರ: ಸೀಲ್‌ಗಳು ಬಿಸಿ ತಾಳದ ಕಾಲದ ಮಾತಿದು. ಇಂದಿನ ಎರಕದ ಕಬ್ಬಿಣದ ಪಂಪ್‌ಗಳು ಸಾಮಾನ್ಯವಾಗಿ 230 ಡಿಗ್ರಿ ಫ್ಯಾರನ್‌ಹೀಟ್ ತಾಳುತ್ತವೆ. ನಿಮ್ಮ ನೀರು 180ರ ಆಸುಪಾಸಿನಲ್ಲಿರುತ್ತದೆ.

ಪ್ರಶ್ನೆ: ಟ್ಯಾಂಕಿನ ಗಾಳಿಯನ್ನು ಟೈರ್ ಗೇಜ್‌ನಿಂದ ನೋಡಿದೆ, ಸರಿಯಾಗಿದೆ. ಇನ್ನೇನು ನೋಡಬೇಕು?

ಉತ್ತರ: ಟ್ಯಾಂಕನ್ನು ನೀರಿನ ಒತ್ತಡದಿಂದ ಬಿಡಿಸಿ ನೋಡಿದಿರಾ? ಇಲ್ಲವಾದರೆ ನೀವು ಅಳೆದದ್ದು ಬಾಯ್ಲರ್‌ನ ಒತ್ತಡವನ್ನು.

ಪ್ರಶ್ನೆ: ಪೈಪಿಗೆ ಅಯಸ್ಕಾಂತ ಕಟ್ಟಿದರೆ ಗಾಳಿ ಹೋಗುತ್ತದೆಯೇ?

ಉತ್ತರ: ಇಲ್ಲ.

ಪ್ರಶ್ನೆ: ನಲ್ಲಿಯ ಬಿಸಿನೀರಿನ ಸುತ್ತಿಗೂ ಮಿಕ್ಕ ಹಳೆಯ ಎರಕದ ಪಂಪ್ ಹಾಕಬಹುದೇ?

ಉತ್ತರ: ಆ ಸುತ್ತಿನಲ್ಲಿ ಹೊಸ ನೀರು ಬರುತ್ತಲೇ ಇರುವುದರಿಂದ ಎರಕದ ಕಬ್ಬಿಣ ತುಕ್ಕು ಹಿಡಿಯುತ್ತದೆ. ಕಂಚಿನದೋ ಸ್ಟೇನ್‌ಲೆಸ್ ಸ್ಟೀಲಿನದೋ ಕೊಳ್ಳಿ.

ಪ್ರಶ್ನೆ: ಬೆಂಗಳೂರಿನಲ್ಲಿ ಅಪ್ಪನ ಮನೆಯ ತಾರಸಿಯ ಸೋಲಾರ್ ಹೀಟರ್‌ಗೂ ಇದೇ ನಿಯಮವೇ?

ಉತ್ತರ: ಅಲ್ಲ. ಅದರಲ್ಲಿ ಬಿಸಿಯಾದ ನೀರು ತಾನಾಗಿಯೇ ಮೇಲೇರಿ ಟ್ಯಾಂಕ್ ಸೇರುತ್ತದೆ. ಅಲ್ಲಿ ಸಾಮಾನ್ಯವಾಗಿ ಸರ್ಕ್ಯುಲೇಟರ್ ಇರುವುದಿಲ್ಲ.