ಜಪಾನಿನ ಗೋ ಮಣೆ, ಕಾಯಿಗಳಿಗೆ ಅಷ್ಟು ಬೆಲೆ ಏಕೆ? ತರಿಸುವುದಾದರೆ ಯಾವುದನ್ನು ತರಿಸಬೇಕು?

ಮೊದಲು ಕಾಯಿಗಳಿಗೆ ಹಣ ಹಾಕಿ, ಉಳಿದದ್ದನ್ನು ಮಣೆಗೆ ಹಾಕಿ. ನನ್ನ ನೇರ ಉತ್ತರ ಇದು. ನಿಮ್ಮ ಮಗಳು ಮೊಬೈಲಿನಲ್ಲೇ ಗೋ (ಮಣೆಯ ಗೆರೆಗಳು ಕೂಡುವ ಕಡೆ ಕರಿ, ಬಿಳಿ ಕಾಯಿಗಳನ್ನಿಟ್ಟು ಇಬ್ಬರು ಆಡುವ ಆಟ) ಕಲಿತು ಈಗ ನಿಜವಾದ ಮಣೆಯ ಮುಂದೆ ಕುಳಿತು ಆಡಲು ಆಸೆಪಡುತ್ತಿದ್ದಾಳೆ, ನಿಮ್ಮ ತಮ್ಮನವರು ಕಚೇರಿಯ ಕೆಲಸದ ಮೇಲೆ ಟೋಕಿಯೊಗೆ ಹೊರಟಿದ್ದಾರೆ, ನೋಡಲು ಒಂದೇ ಥರ ಇರುವ ಮಣೆಗಳಿಗೆ ಕೆಲವು ಸಾವಿರ ಯೆನ್‌ನಿಂದ ಹಲವು ಲಕ್ಷ ಯೆನ್‌ವರೆಗೆ ಬೆಲೆ ಹಾಕಿದ್ದಾರೆ, ಇದು ಬರೀ ಹೆಸರಿಗೆ ಕೊಡುವ ದುಡ್ಡೇ ಎಂದು ಕೇಳಿದ್ದೀರಿ. ಒಸಾಕಾದಲ್ಲಿ ಕೆಲಸಕ್ಕಿದ್ದ ವರ್ಷಗಳಲ್ಲಿ ನಾನು ಈ ಆಟ ಕಲಿತೆ. ಆಟದಷ್ಟೇ ಅದರ ಸಾಮಾನುಗಳೂ ನನ್ನನ್ನು ಹಿಡಿದುಬಿಟ್ಟಿವೆ. ಆದ್ದರಿಂದ ಉತ್ತರ ಸ್ವಲ್ಪ ಉದ್ದವಾಗುತ್ತದೆ.

ಒಂದು ಪೂರ್ಣ ಜೊತೆಯಲ್ಲಿ 181 ಕರಿ ಕಾಯಿ, 180 ಬಿಳಿ ಕಾಯಿ ಇರುತ್ತವೆ. ಸಾಂಪ್ರದಾಯಿಕ ಜೊತೆಯಲ್ಲಿ ಕರಿಯವು ನಾಚಿಗುರೊ ಎಂಬ ಸ್ಲೇಟು ಕಲ್ಲಿನವು. ಈ ಕಲ್ಲು ಸಿಗುವುದು ಮಿಯೆ ಪ್ರಾಂತ್ಯದ ಕುಮಾನೊದಲ್ಲಿ. ಬಿಳಿಯವು ಕಪ್ಪೆಚಿಪ್ಪಿನವು, ಅವುಗಳ ಊರು ಕ್ಯೂಶೂ ದ್ವೀಪದ ಮಿಯಾಝಾಕಿ ಪ್ರಾಂತ್ಯದ ಹ್ಯೂಗಾ. ಅಲ್ಲಿನ ಒಕುರಗಹಾಮ ಕಡಲತೀರದಲ್ಲಿ ಸುವಾಬುತೆ ಎಂದು ಕರೆಯುವ ದಪ್ಪ ಚಿಪ್ಪು ಹೇರಳವಾಗಿ ಸಿಗುತ್ತಿದ್ದ ಕಾಲವಿತ್ತು. ಈಗ ಅದು ಮುಗಿದಂತೆಯೇ ಲೆಕ್ಕ. ಇಂದು ಹ್ಯೂಗಾದ ಕುಶಲಕರ್ಮಿಗಳು ಕೊರೆದು ಉಜ್ಜುವ ಚಿಪ್ಪಿನಲ್ಲಿ ಬಹುಪಾಲು ಮೆಕ್ಸಿಕೋದಿಂದ ಬಂದದ್ದು. ಕೈಚಳಕ ಅದೇ, ಊರೂ ಅದೇ, ಚಿಪ್ಪು ಮಾತ್ರ ಬೇರೆ ಕಡಲಿನದು. ಇದನ್ನು ಯಾರೂ ಮುಚ್ಚಿಡುವುದಿಲ್ಲ, ನೀವೂ ಹಿಂಜರಿಯಬೇಕಾಗಿಲ್ಲ. ಅಪ್ಪಟ ಹ್ಯೂಗಾ ಚಿಪ್ಪಿನ ಜೊತೆ ಬೇಕೆಂದರೆ ಲಕ್ಷಾಂತರ ಯೆನ್ ತೆರಬೇಕು. ಆಡಿ ಕಲಿಯುವ ಹುಡುಗಿಗೆ ಅದು ಖಂಡಿತ ಬೇಡ.

ಚಿಪ್ಪಿನ ಕಾಯಿಯ ಬೆಲೆ ಅದರ ದಪ್ಪದ ಮೇಲೆ ನಿಂತಿದೆ. ಚಿಪ್ಪು ಬಾಗಿದ ವಸ್ತು, ಎಲ್ಲ ಕಡೆ ಒಂದೇ ದಪ್ಪವಿರುವುದಿಲ್ಲ. ಅದರಿಂದ ಎರಡೂ ಮೈ ಸಮನಾಗಿ ಉಬ್ಬಿದ ಬಿಲ್ಲೆಯನ್ನು ತೆಗೆಯಬೇಕೆಂದರೆ ಅತಿ ದಪ್ಪ ಭಾಗವನ್ನೇ ಕೊರೆಯಬೇಕು. ಕಾಯಿ ದಪ್ಪವಾದಷ್ಟೂ ಅಂಥ ಚಿಪ್ಪು ವಿರಳ. ಹಿಂದೆ ತೋಡು ಕೊರೆದ ಸಾಣೆಕಲ್ಲಿನ ಮೇಲೆ ಒಂದೊಂದೇ ಬಿಲ್ಲೆಯನ್ನು ಕೈಯಲ್ಲಿ ಒತ್ತಿ ತಿರುಗಿಸುತ್ತ ಉಬ್ಬು ತರುತ್ತಿದ್ದರು. ಈಗ ಯಂತ್ರಗಳು ಬಂದಿವೆ, ಆದರೆ ಆರಿಸುವ ಕೆಲಸ ಇಂದಿಗೂ ಕಣ್ಣಿನದೇ. ಒಳ್ಳೆಯ ಬಿಳಿ ಕಾಯಿಯನ್ನು ಬೆಳಕಿಗೆ ಹಿಡಿದು ನೋಡಿ: ಅಂಚಿನಿಂದ ಅಂಚಿಗೆ ಕೂದಲೆಳೆಯಷ್ಟು ಸಣ್ಣ ಗೆರೆಗಳು ಒತ್ತೊತ್ತಾಗಿ, ನೆಟ್ಟಗೆ ಹರಿದಿರುತ್ತವೆ. ಚಿಪ್ಪು ಬೆಳೆದ ಗುರುತುಗಳು ಅವು. ಹೀಗೆ ಗೆರೆ ನೇರವಾಗಿ, ನವಿರಾಗಿ ಇರುವವಕ್ಕೆ ಯುಕಿ, ಅಂದರೆ ಹಿಮ ಎಂಬ ದರ್ಜೆ. ಗೆರೆ ಅಗಲವಾಗಿಯೋ ಬಾಗಿಯೋ ಇದ್ದರೆ ಕೆಳಗಿನ ದರ್ಜೆ. ಎಲ್ಲಕ್ಕಿಂತ ಕೆಳಗಿರುವುದು ಜಿತ್ಸುಯೊ, ದಿನಬಳಕೆಯದು. ನಿಮಗೆ ಅದೇ ಸಾಕು. ಕೈಗೆ ಸಿಗುವ ತಂಪು, ತೂಕ, ನುಣುಪಿನಲ್ಲಿ ನನಗೆ ಭೇದ ಕಂಡಿಲ್ಲ. ದಪ್ಪವನ್ನು ಸಂಖ್ಯೆಯಲ್ಲಿ ಹೇಳುತ್ತಾರೆ. 33 ಎಂದರೆ ಸುಮಾರು 9.2 ಮಿ.ಮೀ. ಅದರ ಆಸುಪಾಸಿನದನ್ನು ಕೊಳ್ಳಿ. ಅದಕ್ಕಿಂತ ತೀರ ತೆಳುವಾದದ್ದು ಕೈಗೆ ಹಗುರ ಎನಿಸುತ್ತದೆ, ತೀರ ದಪ್ಪದ್ದು ಬೆಲೆಯಲ್ಲಿ ಏಣಿ ಹತ್ತುತ್ತದೆ.

ನನಗೆ ಬಹಳ ಇಷ್ಟವಾದ ಒಂದು ಸೂಕ್ಷ್ಮ ಇದೆ. ಕರಿ ಕಾಯಿಯ ಅಡ್ಡಳತೆ ಸುಮಾರು 22.2 ಮಿ.ಮೀ., ಬಿಳಿಯದು 21.9. ಎರಡನ್ನೂ ಒಂದೇ ಅಳತೆಗೆ ಮಾಡಿದರೆ ಬಿಳಿಯದು ಕಣ್ಣಿಗೆ ದೊಡ್ಡದಾಗಿ ಕಾಣುತ್ತದೆ. ಆದ್ದರಿಂದ ಕರಿಯದನ್ನು ಒಂದಿಷ್ಟು ಹಿರಿದಾಗಿಸಿ ಸಮ ಮಾಡಿದ್ದಾರೆ. ಮಣೆಯಲ್ಲೂ ಇಂಥದೇ ಲೆಕ್ಕ. ಅದು ಚೌಕವಲ್ಲ, ಉದ್ದ ಸುಮಾರು 45.5 ಸೆಂ.ಮೀ., ಅಗಲ 42.4. ಆಡುವವರು ಓರೆಯಿಂದ ನೋಡುವುದರಿಂದ ಉದ್ದ ಕುಗ್ಗಿದಂತೆ ಕಾಣುತ್ತದೆ, ಆ ಕೊರತೆಯನ್ನು ಮೊದಲೇ ತುಂಬಿಟ್ಟಿದ್ದಾರೆ.

ಈಗ ಮಣೆಗೆ ಬರೋಣ. ಅತ್ಯುತ್ತಮ ಎಂದು ಎಲ್ಲರೂ ಒಪ್ಪುವ ಮರ ಕಯಾ, ಅದರಲ್ಲೂ ಮಿಯಾಝಾಕಿ ಸೀಮೆಯದು. ಬಹಳ ನಿಧಾನವಾಗಿ ಬೆಳೆಯುವ ಮರ. ಒಂದೇ ತುಂಡಿನಲ್ಲಿ ದಪ್ಪ ಮಣೆ ತೆಗೆಯುವಷ್ಟು ಬೊಡ್ಡೆ ಆಗಲು ನೂರಾರು ವರ್ಷ ಬೇಕು. ಕಡಿದ ಮೇಲೆ ಅದನ್ನು ನೆರಳಿನಲ್ಲಿ ವರ್ಷಗಟ್ಟಲೆ ಒಣಗಿಸಬೇಕು. ದಪ್ಪ ತುಂಡಾದರೆ ಹತ್ತು ವರ್ಷವೂ ಹಿಡಿಯುತ್ತದೆ. ಅವಸರಪಟ್ಟರೆ ಮಣೆಯಾದ ಮೇಲೆ ಸೀಳುತ್ತದೆ. ನೀವು ಕೊಡುವ ಹಣದ ಬಹುಭಾಗ ಈ ಕಾಯುವಿಕೆಗೇ ಹೋಗುತ್ತದೆ, ಅದರಲ್ಲಿ ಮೋಸವೇನೂ ಇಲ್ಲ.

ಕಯಾ ಮರದ ಗುಣ ತಿಳಿಯಬೇಕಾದರೆ ಕಾಯಿ ಇಟ್ಟು ನೋಡಬೇಕು. ಅದು ಗಟ್ಟಿ, ಆದರೂ ಒಳಗೆ ಒಂದು ಮಿದುತನವಿದೆ. ತೋರುಬೆರಳು, ನಡುಬೆರಳುಗಳ ನಡುವೆ ಕಾಯಿ ಹಿಡಿದು ಇಟ್ಟಾಗ ಬರುವ ಸದ್ದು ತುಂಬಿರುತ್ತದೆ, ಕಿವಿಗೆ ಚುಚ್ಚುವುದಿಲ್ಲ. ಇಟ್ಟ ಜಾಗದಲ್ಲಿ ಮರ ಒಂದಿಷ್ಟು ತಗ್ಗುತ್ತದೆ, ಕಾಲ ಕಳೆದಂತೆ ಮೆಲ್ಲಗೆ ಮೇಲೇಳುತ್ತದೆ. ಹೊಸ ಮಣೆ ತಿಳಿಹಳದಿ, ವರ್ಷ ಕಳೆದಂತೆ ಜೇನಿನ ಬಣ್ಣಕ್ಕೆ ತಿರುಗುತ್ತದೆ. ನಸುಸಿಹಿಯಾದ ಪರಿಮಳವೂ ಇದೆ.

ಗೆರೆ ಹಾಕುವ ಬಗೆಯಂತೂ ನೋಡಿಯೇ ತಿಳಿಯಬೇಕು. ಅಡ್ಡ 19, ಉದ್ದ 19, ಒಟ್ಟು 38 ಗೆರೆ. ನುರಿತ ಕೈಗಳು ಇದನ್ನು ಕತ್ತಿಯಿಂದ ಹಾಕುತ್ತವೆ. ಕತ್ತಿಯ ಅಂಚಿನುದ್ದಕ್ಕೂ ಉರುಶಿ ಮರದ ಹಾಲಿನಿಂದ ಮಾಡಿದ ಕಪ್ಪು ಮೆರುಗೆಣ್ಣೆಯನ್ನು ಸವರಿ, ಮಣೆಯ ಮೇಲೆ ಒಂದು ತುದಿಯಿಂದ ಇನ್ನೊಂದು ತುದಿಗೆ ಹದವಾಗಿ ಊರುತ್ತಾ ಹೋಗುತ್ತಾರೆ. ಕತ್ತಿ ಎತ್ತಿದಾಗ ಗೆರೆ ಮರದ ಮೇಲೆ ಉಳಿದಿರುತ್ತದೆ. ಉಸಿರು ತಪ್ಪಿದರೆ ಗೆರೆ ಕೆಟ್ಟಿತು. ಹೀಗೆ ಹಾಕಿದ ಗೆರೆಯ ಮೇಲೆ ಬೆರಳಾಡಿಸಿದರೆ ಸಣ್ಣ ಉಬ್ಬು ತಾಕುತ್ತದೆ. ಅಗ್ಗದ ಮಣೆಗಳಲ್ಲಿ ಗೆರೆ ಅಚ್ಚೊತ್ತಿದ್ದು, ಬೆರಳಿಗೆ ಏನೂ ಸಿಗುವುದಿಲ್ಲ.

ಚಿತ್ರಗಳಲ್ಲಿ ನೀವು ನೋಡಿರುವ ಕಾಲಿರುವ ದಪ್ಪ ಮಣೆ ನೆಲದ ಮೇಲೆ ಕುಳಿತು ಆಡುವಂಥದು. ಕಾಲುಗಳು ಗಾರ್ಡೀನಿಯಾ ಎಂಬ ಹೂಗಿಡದ ಹಣ್ಣಿನ ಆಕಾರದವು. ಕೆಳಮೈಯ ನಡುವೆ ಚೌಕಾಕಾರದ ಒಂದು ಗುಳಿ ಕೊರೆದಿರುತ್ತಾರೆ. ಆಟದ ನಡುವೆ ಬಾಯಿ ಹಾಕಿದವನ ತಲೆ ಕಡಿದು ಆ ಗುಳಿಯಲ್ಲಿಡುತ್ತಿದ್ದರು ಎಂಬ ಕಥೆ ಅಂತರ್ಜಾಲದಲ್ಲಿ ಎಲ್ಲೆಲ್ಲೂ ಇದೆ. ಅದನ್ನು ನಂಬಬೇಡಿ. ಆ ಗುಳಿ ಇರುವುದು ಮರ ಸೀಳದಂತೆ ಕಾಪಾಡಲು, ಸದ್ದು ತುಂಬಿ ಬರಲು. ಮಣೆಯ ದಪ್ಪವನ್ನು ಸುನ್ ಎಂಬ ಅಳತೆಯಲ್ಲಿ ಹೇಳುತ್ತಾರೆ, ಒಂದು ಸುನ್ ಸುಮಾರು 3 ಸೆಂ.ಮೀ. ಆರು ಸುನ್ ಮಣೆ ಕಾಲು ಬಿಟ್ಟೇ 15 ಕೆ.ಜಿ.ಗೂ ಮೇಲೆ ತೂಗುತ್ತದೆ, ನಿಮ್ಮ ತಮ್ಮನವರಿಗೆ ಅದನ್ನು ಹೊರಿಸಬೇಡಿ. ಕಾಲಿಲ್ಲದ, ಎರಡು ಸುನ್ ದಪ್ಪದ ಮೇಜಿನ ಮಣೆ ತರಲಿ. ಅದು ಪೆಟ್ಟಿಗೆಯಲ್ಲಿ ಹಿಡಿಸುತ್ತದೆ, ಕಯಾ ಮರದ ಸದ್ದು ಅದರಲ್ಲೂ ಕೇಳುತ್ತದೆ. ಎರಡು ಮೂರು ಪಟ್ಟಿ ಜೋಡಿಸಿ ಮಾಡಿದ ಮಣೆಯಾದರೂ ಸರಿ, ಅದು ಒಂದೇ ತುಂಡಿನದಕ್ಕಿಂತ ಬಹಳ ಅಗ್ಗ.

ಕೊಳ್ಳುವಾಗ ಒಂದು ಕಡೆ ಮಾತ್ರ ಕಟ್ಟೆಚ್ಚರ ಇರಲಿ. 'ಶಿನ್‌ಕಯಾ' ಎಂದು ಚೀಟಿ ಹಚ್ಚಿದ ಮಣೆಗಳು ಅಗ್ಗಕ್ಕೆ ಸಿಗುತ್ತವೆ. ಅದು ಕಯಾ ಅಲ್ಲವೇ ಅಲ್ಲ, ಸ್ಪ್ರೂಸ್ ಮರ. ಆಡಲು ಅಡ್ಡಿಯಿಲ್ಲ, ಆದರೆ ಕಯಾ ಎಂದು ತಿಳಿದು ಅದಕ್ಕೆ ಹೆಚ್ಚು ಹಣ ಕೊಡಬೇಡಿ. ನಿಜವಾದದ್ದಕ್ಕೆ 'ಹೊಂಕಯಾ' ಎನ್ನುತ್ತಾರೆ. ಚೀನಾದ ಯುನ್ನಾನ್‌ನಿಂದ ಬಂದ ಕಯಾ ಕೂಡ ಮಾರುಕಟ್ಟೆಯಲ್ಲಿದೆ, ಜಪಾನಿನದಕ್ಕಿಂತ ಕಡಿಮೆ ಬೆಲೆಗೆ ಸಿಗುತ್ತದೆ. ಮರ ಯಾವ ಸೀಮೆಯದು ಎಂದು ತಮ್ಮನವರು ಅಂಗಡಿಯಲ್ಲಿ ಬಾಯಿಬಿಟ್ಟು ಕೇಳಲಿ, ರಶೀದಿಯಲ್ಲಿ ಬರೆಸಿಕೊಳ್ಳಲಿ. ಸಮಯವಿದ್ದರೆ ಹಳೆಯ ಸಾಮಾನಿನ ಅಂಗಡಿಗಳನ್ನೂ ನೋಡಬಹುದು. ಅಜ್ಜಂದಿರು ಆಡಿದ ಒಳ್ಳೆಯ ಮಣೆಗಳು ಅಲ್ಲಿ ಹೊಸದರ ಬೆಲೆಯ ಸಣ್ಣ ಪಾಲಿಗೆ ಸಿಗುತ್ತವೆ. ತುದಿಗಳಲ್ಲಿ ಸೀಳು ಇದೆಯೇ ಎಂದು ನೋಡಿಕೊಂಡರೆ ಸಾಕು. ಮೇಲ್ಮೈ ಮಾಸಿದ್ದರೆ ಕುಶಲಕರ್ಮಿಗಳು ತೆಳುವಾಗಿ ಹೆರೆದು ಹೊಸದಾಗಿ ಗೆರೆ ಹಾಕಿಕೊಡುತ್ತಾರೆ, ಮಣೆಗೆ ಮರುಜನ್ಮ ಬಂದಂತೆಯೇ.

ಕಾಯಿ ಇಡುವ ಬಟ್ಟಲುಗಳ ವಿಷಯ ಚಿಕ್ಕದು. ಎಲ್ಲಕ್ಕಿಂತ ಮೇಲಿನದು ಟೋಕಿಯೊಗೆ ದಕ್ಷಿಣದ ಮಿಕುರ ದ್ವೀಪದ ಹಿಪ್ಪುನೇರಳೆ ಮರದ್ದು. ನಮ್ಮಲ್ಲಿ ರೇಷ್ಮೆಹುಳುವಿಗೆ ಎಲೆ ಕೊಡುವ ಜಾತಿಯದೇ ಬಳಗ. ಸುಂದರವಾಗಿರುತ್ತವೆ, ಆದರೆ ಸದ್ಯ ಯಾವ ಮರದ್ದಾದರೂ ನಡೆಯುತ್ತದೆ. ಮುಚ್ಚಳ ಸರಿಯಾಗಿ ಕೂತರೆ ಸಾಕು, ಎದುರಾಳಿಯಿಂದ ಹಿಡಿದ ಕಾಯಿಗಳನ್ನು ಆಡುವಾಗ ಆ ಮುಚ್ಚಳದಲ್ಲೇ ಇಡುವುದು. ಚಿಪ್ಪಿನ ಜೊತೆಯ ಒಟ್ಟು ತೂಕ ಎರಡು ಕೆ.ಜಿ.ಯ ಆಸುಪಾಸು ಬರುತ್ತದೆ, ಕೈಚೀಲದಲ್ಲೇ ತರಬಹುದು.

ಮನೆಗೆ ಬಂದ ಮೇಲೆ ಮಣೆಗೆ ಎಣ್ಣೆ, ಪಾಲಿಶ್, ಒದ್ದೆ ಬಟ್ಟೆ ಯಾವುದನ್ನೂ ತಾಕಿಸಬೇಡಿ. ಆಡಿದ ಮೇಲೆ ಒಣ ಹತ್ತಿ ಬಟ್ಟೆಯಿಂದ ಒರೆಸಿ. ನಿಮ್ಮದು ಶಿವಮೊಗ್ಗ ಎಂದಿದ್ದೀರಿ. ಮಳೆಗಾಲದ ತೇವಕ್ಕಿಂತ ಬೇಸಿಗೆಯ ಒಣಹವೆಯೇ ಮಣೆಗೆ ಹೆಚ್ಚು ಅಪಾಯ. ಕಿಟಕಿಯ ಬಿಸಿಲು, ಎಸಿಯ ಗಾಳಿ ನೇರವಾಗಿ ಬೀಳದ ಕಡೆ ಇಡಿ. ಜೋರು ಮಳೆಯ ದಿನಗಳಲ್ಲಿ ಗೋಡೆಗೆ ತಾಗಿಸದೆ, ಗಾಳಿಯಾಡುವಂತೆ ಇಟ್ಟರೆ ಬೂಷ್ಟು ಹಿಡಿಯುವುದಿಲ್ಲ. ಕಾಯಿಗಳನ್ನು ಆಗಾಗ ಬರೀ ನೀರಿನಲ್ಲಿ ತೊಳೆದು, ಕರಿ ಬಿಳಿ ಬೇರೆ ಬೇರೆಯಾಗಿ ನೆರಳಿನಲ್ಲಿ ಹರವಿ ಪೂರ್ತಿ ಒಣಗಿದ ಮೇಲೆ ಬಟ್ಟಲಿಗೆ ಹಾಕಿ. ತಮ್ಮನವರು ಅಂಗಡಿಯಲ್ಲಿರುವಾಗ ಏನಾದರೂ ಸಂಶಯ ಬಂದರೆ ಚೀಟಿಯ ಫೋಟೊ ಇಲ್ಲಿ ಹಾಕಿ, ಓದಿ ಹೇಳುತ್ತೇನೆ.