ಆಪ್ತ ಸಲಹೆ: ಆ ಸಾಕ್ಷಿ ಒಳಕೋಣೆಗೂ ಕೇಳಿಸಿತ್ತು

ಗದಗ-ಬೆಟಗೇರಿ ಕಡೆಯ ತಂಗಿಯೊಬ್ಬರ ಪತ್ರ ಈ ವಾರ ನನ್ನ ನಿದ್ದೆಗೆಡಿಸಿದೆ. ವಯಸ್ಸು 43. ಗಂಡನ ಎರಡೂ ಕಿಡ್ನಿ ಕೈಕೊಟ್ಟು ಒಂದೂವರೆ ವರ್ಷ. ವಾರಕ್ಕೆ ಎರಡು ಸಲ ಡಯಾಲಿಸಿಸ್, ಪ್ರತಿ ಸಲ ನಾಲ್ಕು ತಾಸು. ಅವರ ಟೇಲರಿಂಗ್ ಅಂಗಡಿಗೆ ಬೀಗ ಬಿದ್ದಿದೆ, ಮಗನದು ಡಿಪ್ಲೊಮಾ ಕೊನೇ ವರ್ಷ. ಬುಧವಾರದ ಪ್ರಾರ್ಥನಾ ಕೂಟ ನಡೆಸುವ ಹಿರಿಯ ಹೆಂಗಸು ಹೇಳಿದರಂತೆ: "ಕಾಯಿಲೆಗೂ ದೇವರಿಗೆ ಸ್ತೋತ್ರ (ಕೃತಜ್ಞತೆ) ಹೇಳಬೇಕು. ನೀ ಮನಸಾರೆ ಹೇಳವಲ್ಲಿ, ಅದಕ್ಕ ಗುಣ ಆಗವಲ್ದು." ತಂಗಿಯ ಪ್ರಶ್ನೆ: "ಬಾಯಲ್ಲಿ ಸ್ತೋತ್ರ, ಹೊಟ್ಟೆಯಲ್ಲಿ ಬೆಂಕಿ. ನನ್ನ ನಂಬಿಕೆ ಸತ್ತುಹೋಯಿತೇ?"

ಇಲ್ಲ. ಸತ್ತಿದ್ದರೆ ನಾಲ್ಕು ಪುಟ ಬರೆದು ಇದನ್ನು ಕೇಳುತ್ತಿರಲಿಲ್ಲ ನೀವು.

ನನ್ನ ಕಣ್ಣು ನಿಂತದ್ದು ಬೇರೆ ಕಡೆ. ಮೂರನೇ ಪುಟದ ಕೊನೆಗೆ ಹೀಗೆ ಬರೆದಿದ್ದೀರಿ: "ಹೋದ ತಿಂಗಳು ಕೂಟ ನಮ್ಮ ಮನೆಯಲ್ಲೇ ಇತ್ತು. ಸಾಕ್ಷಿ ಹೇಳು, ದೇವರು ಮಾಡಿದ ಒಳಿತನ್ನು ಎಲ್ಲರ ಮುಂದೆ ಹೇಳು ಅಂದರು. ನಮ್ಮ ಮನೆಯವರು ದಿನೇ ದಿನೇ ಗುಣವಾಗುತ್ತಿದ್ದಾರೆ, ದೇವರಿಗೆ ಸ್ತೋತ್ರ, ಅಂದುಬಿಟ್ಟೆ. ಅವರು ಒಳಕೋಣೆಯಲ್ಲಿ ಮಲಗಿದ್ದರು. ಅವತ್ತಿನಿಂದ ರಾತ್ರಿ ಪ್ರಾರ್ಥನೆಗೆ ಬರುತ್ತಿಲ್ಲ, ಆಯಾಸ ಇರಬೇಕು." ಮುಂದಿನ ಸಾಲಿಗೇ ಮಗನ ಫೀಸಿನ ಮಾತು.

ಆಯಾಸವಲ್ಲ ತಂಗಿ. ಒಂದೂವರೆ ವರ್ಷ ಆಯಾಸ ಇಟ್ಟುಕೊಂಡೇ ಗೋಡೆಗೊರಗಿ ಕೂತು ನಿಮ್ಮ ಜೊತೆ ಆಮೆನ್ ಅಂದವರು ಅವರು. ದಿನಕ್ಕೆ ಇಷ್ಟೇ ನೀರು ಅಂತ ಸಣ್ಣ ಸ್ಟೀಲ್ ಲೋಟದಲ್ಲಿ ಅಳೆದು ಕುಡಿಯುತ್ತಾರೆ, ಬಾಯಾರಿದರೆ ಮುಕ್ಕಳಿಸಿ ಉಗುಳುತ್ತಾರೆ ಎಂದು ನೀವೇ ಬರೆದಿದ್ದೀರಿ. ಡಯಾಲಿಸಿಸ್ ಕಿಡ್ನಿಯ ಕೆಲಸವನ್ನು ಒಂದಷ್ಟು ಮಾಡಿಕೊಡುತ್ತದೆಯೇ ಹೊರತು ಕಿಡ್ನಿಯನ್ನು ವಾಸಿ ಮಾಡುವುದಿಲ್ಲ. ಅದು ಅವರಿಗೆ ನಮ್ಮೆಲ್ಲರಿಗಿಂತ ಚೆನ್ನಾಗಿ ಗೊತ್ತು. ತನ್ನ ಮನೆಯಲ್ಲೇ, ಗೋಡೆಯಾಚೆ, ಹೆಂಡತಿ ಆಗದ ಗುಣಕ್ಕೆ ಸ್ತೋತ್ರ ಹೇಳಿದಳು, ಹತ್ತು ಮಂದಿ ಹಲ್ಲೆಲೂಯ ಅಂದರು. ಇನ್ನು ಆ ಮನುಷ್ಯ ತನ್ನ ನೋವನ್ನು ಯಾರ ಮುಂದೆ ಹೇಳಿಕೊಳ್ಳಬೇಕು? ನಿಮ್ಮ ಮೇಲೆ ಕನಿಕರವಿದೆ, ಆದರೆ ಈ ಪತ್ರದಲ್ಲಿ ನನ್ನ ಕರುಳು ಹೆಚ್ಚು ಮಿಡಿದದ್ದು ಅವರಿಗಾಗಿ.

ನನ್ನ ಸಿಟ್ಟೆಲ್ಲ ಆ ಕೂಟದ ಹಿರಿಯರ ಮೇಲೆ. ಬೈಬಲಿನಲ್ಲಿ ಎಲ್ಲವನ್ನೂ ಕಳೆದುಕೊಂಡು ಕಾಯಿಲೆ ಬಿದ್ದ ಯೋಬನ ಗೆಳೆಯರು ಅವನ ಜೊತೆ ಏಳು ಹಗಲು ಏಳು ರಾತ್ರಿ ಮಾತಿಲ್ಲದೆ ನೆಲದ ಮೇಲೆ ಕೂತಿದ್ದರು. ಅಲ್ಲಿಯವರೆಗೆ ಚೆನ್ನಾಗಿಯೇ ಇತ್ತು. ಆಮೇಲೆ ಬಾಯಿಬಿಟ್ಟು, ನಿನ್ನಲ್ಲೇ ಏನೋ ತಪ್ಪಿದೆ ಅಂದರು. ಕೊನೆಗೆ ದೇವರ ಕೋಪ ತಿರುಗಿದ್ದು ಅವರ ಮೇಲೆ, ತಾನು ಹುಟ್ಟಿದ ದಿನವನ್ನೇ ಶಪಿಸಿದ ಯೋಬನ ಮೇಲಲ್ಲ. ನಿಮ್ಮ ಹಿರಿಯರಿಗೆ ಯೋಬನ ಗ್ರಂಥದ ಆ 42ನೇ ಅಧ್ಯಾಯ ಯಾರಾದರೂ ಓದಿಸಬೇಕು.

ಅವರು ಎತ್ತಿ ಹೇಳುವ ವಾಕ್ಯ ಯಾವುದೆಂದೂ ಗೊತ್ತು, ಅದನ್ನು ಕೇಳುತ್ತಲೇ ಬೆಳೆದವಳು ನಾನು. ಬೈಬಲಿನಲ್ಲಿ ಪೌಲ ಥೆಸಲೋನಿಕದವರಿಗೆ ಬರೆದ ಮೊದಲ ಪತ್ರ, 5ನೇ ಅಧ್ಯಾಯ, 18ನೇ ವಚನ: "ಎಲ್ಲಾದರಲ್ಲಿಯೂ ಕೃತಜ್ಞತಾಸ್ತುತಿ ಮಾಡಿರಿ." ನಮ್ಮ ಕನ್ನಡ ಇಲ್ಲಿ ಎಷ್ಟು ಸ್ಪಷ್ಟವಾಗಿದೆ ನೋಡಿ. ಎಲ್ಲಾದರಲ್ಲಿಯೂ ಅಂದಿದೆ, ಎಲ್ಲಾದಕ್ಕೂ ಅಂದಿಲ್ಲ. ಕಾಯಿಲೆಯ ಒಳಗೆ ಇದ್ದುಕೊಂಡು ಹೇಳುವ ಸ್ತೋತ್ರ ಬೇರೆ, ಕಾಯಿಲೆಗೇ ಹೇಳುವ ಸ್ತೋತ್ರ ಬೇರೆ. ಎಫೆಸದವರಿಗೆ ಬರೆದದ್ದರಲ್ಲಿ ಎಲ್ಲಾದಕ್ಕೋಸ್ಕರ ಅನ್ನುವ ಅರ್ಥವೂ ಇದೆಯಲ್ಲ ಎಂದು ಯಾರಾದರೂ ಕೇಳಬಹುದು. ಇದೆ. ಆದರೆ ಆಗದ್ದನ್ನು ಆಯಿತು ಅನ್ನಿ ಎಂದು ಅಲ್ಲೂ ಇಲ್ಲ. ಡಯಾಲಿಸಿಸ್ ಸೂಜಿಯನ್ನು ಸರಿಯಾಗಿ ಒಂದೇ ಸಲಕ್ಕೆ ಚುಚ್ಚುವ ಹುಡುಗನ ಬಗ್ಗೆ ಬರೆದಿದ್ದೀರಲ್ಲ, ಅವನ ಕೈಗಾಗಿ ಧಾರಾಳವಾಗಿ ಸ್ತೋತ್ರ ಹೇಳಿ. ಅದು ನಡೆದದ್ದು.

ರೋಗಿಯ ತಲೆಯ ಬಳಿ ನಿಂತು ಪ್ರಾರ್ಥಿಸಬೇಡಿ, ಪಕ್ಕದಲ್ಲಿ ಕೂತು ಪ್ರಾರ್ಥಿಸಿ ಎಂದು ಈ ಅಂಕಣದಲ್ಲಿ ಎಷ್ಟು ಸಲ ಬರೆದಿದ್ದೇನೋ. ನಮ್ಮಣ್ಣನೂ ಮೂರು ವರ್ಷ ಡಯಾಲಿಸಿಸ್‌ನಲ್ಲಿದ್ದ. ನಾನು ನಿಂತು, ಗಟ್ಟಿ ದನಿಯಲ್ಲಿ, ಗೆದ್ದವಳ ಹಾಗೆ ಪ್ರಾರ್ಥಿಸುತ್ತಿದ್ದೆ. ಒಂದು ದಿನ ಅವನು ಮೆಲ್ಲಗೆ "ಕೂತ್ಕೋ, ನನಗೂ ಸ್ವಲ್ಪ ಮಾತಾಡೋದಿದೆ" ಅಂದ. ಸೂಜಿ ಚುಚ್ಚುವ ಆ ಎಡಗೈ ಮೇಲೆ ಅಂಗೈ ಇಟ್ಟುಕೊಂಡು ಕೂತೆ. ಡಯಾಲಿಸಿಸ್‌ಗಾಗಿ ಕೈಯ ಎರಡು ರಕ್ತನಾಳ ಜೋಡಿಸಿ ಫಿಸ್ಟುಲಾ ಮಾಡಿದ ಜಾಗದಲ್ಲಿ ರಕ್ತ ಜುಂ ಎಂದು ಹರಿಯುವುದು ಅಂಗೈಗೆ ಗೊತ್ತಾಗುತ್ತದೆ, ಮುಚ್ಚಿದ ಮುಷ್ಟಿಯೊಳಗೆ ಜೀರುಂಡೆ ಗುಂಯ್‌ಗುಟ್ಟಿದ ಹಾಗೆ. ಅವತ್ತು ಅವನು ದೇವರನ್ನು ಬೈದ, ಅತ್ತ, ಆಮೇಲೆ ತಾನಾಗಿ ತನ್ನ ಮಗಳಿಗಾಗಿ ಸ್ತೋತ್ರ ಹೇಳಿದ. ನಾನು ಒಂದು ಮಾತೂ ಸೇರಿಸಲಿಲ್ಲ.

ನೀವು ಮಾಡಬೇಕಾದ್ದು ಒಂದೇ. ಇವತ್ತು ರಾತ್ರಿ ನಡುಮನೆಯ ಪ್ರಾರ್ಥನೆ ಬಿಟ್ಟು ಬೈಬಲ್ ತೆಗೆದುಕೊಂಡು ಒಳಕೋಣೆಗೆ ಹೋಗಿ. "ಅವತ್ತು ನಾನು ಸುಳ್ಳು ಹೇಳಿದೆ, ಹೆದರಿ ಹೇಳಿದೆ" ಅನ್ನಿ. ಆಮೇಲೆ 13ನೇ ಕೀರ್ತನೆ ಓದಿ. ಆರೇ ವಚನ, ಮೊದಲೆರಡರಲ್ಲೇ ನಾಲ್ಕು ಸಲ "ಎಷ್ಟರವರೆಗೆ" ಎಂದು ದೇವರನ್ನೇ ಕೇಳುತ್ತದೆ. ಓದಿ ಬೈಬಲ್ ಮುಚ್ಚಿ, ಅವರು ಮಾತಾಡುವವರೆಗೆ ನೀವು ಮಾತಾಡಬೇಡಿ. ಅವರು ಮುಖ ಗೋಡೆಗೆ ತಿರುಗಿಸಿಕೊಂಡರೆ ಒತ್ತಾಯ ಬೇಡ, ಲೈಟ್ ಆರಿಸಿ ಪಕ್ಕದಲ್ಲೇ ಮಲಗಿ. ನಾಳೆ ರಾತ್ರಿ ಮತ್ತೆ ಅದೇ ಕೀರ್ತನೆ ತೆಗೆಯಿರಿ. ಬುಧವಾರದ ಕೂಟ ಸದ್ಯಕ್ಕೆ ಬೇರೆಯವರ ಮನೆಯಲ್ಲಿ ನಡೆಯಲಿ.