ಹಿರಿಯರು ಹೇಳಿದ ಆ ಒಂದು ಮಾತು

ಕೊಡಗಿನ ಸಿದ್ದಾಪುರದ ಹತ್ತಿರದ ಕಾಫಿ ತೋಟವೊಂದರಿಂದ ಒಬ್ಬ ಸಹೋದರಿ ಪತ್ರ ಬರೆದಿದ್ದಾರೆ. ಅವರ ಯಜಮಾನರು ಅಲ್ಲಿ ರೈಟರ್, ಅಂದರೆ ತೋಟದ ಲೆಕ್ಕ ಬರೆಯುವವರು, ಆಗಿದ್ದರು. ಕಿಡ್ನಿ ಕಾಯಿಲೆ. ಎರಡು ವರ್ಷ ಮೈಸೂರಿಗೆ ಅಲೆದರು, ಸಭೆಯವರು ಸೇರಿ ಉಪವಾಸ ಪ್ರಾರ್ಥನೆ ಮಾಡಿದರು. ಆದರೂ ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆಯಲ್ಲಿ ಅವರು ತೀರಿಕೊಂಡರು. ಅದೇ ತಿಂಗಳು ಇನ್ನೊಂದು ಮನೆಯ ಮಗು ಗುಣವಾಗಿ, ದೇವರು ಪ್ರಾರ್ಥನೆ ಕೇಳಿದರು ಎಂದು ತಾಯಿ ಸಭೆಯಲ್ಲಿ ಸಾಕ್ಷಿ ಹೇಳಿದರು. ಆಮೇಲೆ ಹಿರಿಯರೊಬ್ಬರು ಇವರನ್ನು ಕರೆದು, "ನಿಮ್ಮ ನಂಬಿಕೆ ಎಲ್ಲೋ ಸಾಲದೆ ಹೋಯಿತಮ್ಮಾ" ಅಂದರಂತೆ. "ಇದು ನಿಜವಾ?" ಎಂದು ಕೇಳಿದ್ದಾರೆ.

ಪ್ರಿಯ ಸಹೋದರಿ,

ನಿಜವಲ್ಲ. ಮೊದಲು ಇದನ್ನು ಹೇಳಿಬಿಡುತ್ತೇನೆ, ಉಳಿದದ್ದು ಆಮೇಲೆ.

ಸತ್ಯವೇದದಲ್ಲಿ (ಬೈಬಲ್) ಮಾರ್ಕನ ಸುವಾರ್ತೆಯ 9ನೇ ಅಧ್ಯಾಯ ತೆಗೆಯಿರಿ. ಕಾಯಿಲೆಯ ಮಗನನ್ನು ಕರೆತಂದ ಆ ತಂದೆ ಏನಂದ? ನಂಬುತ್ತೇನೆ, ನಂಬಿಕೆ ಇಲ್ಲದ ನನಗೆ ಸಹಾಯ ಮಾಡು ಅಂದ. ಒಂದೇ ಉಸಿರಿನಲ್ಲಿ ಎರಡೂ. ಆದರೂ ಮಗ ಗುಣವಾದ. ಅಪೊಸ್ತಲ ಪೌಲನ ನಂಬಿಕೆ ಕಡಿಮೆ ಅಂತ ಯಾರಾದರೂ ಹೇಳುತ್ತಾರಾ? ಮೈಯಲ್ಲಿ ನಾಟಿದ ಮುಳ್ಳು ತೆಗೆ ಎಂದು ಅವನು ಮೂರು ಸಲ ಬೇಡಿಕೊಂಡ. ತೆಗೆಯಲಿಲ್ಲ. "ನನ್ನ ಕೃಪೆಯೇ ನಿನಗೆ ಸಾಕು" ಎಂಬ ಉತ್ತರ ಬಂತು. ಇನ್ನು ಗೆತ್ಸೆಮನೆಯಲ್ಲಿ, ಈ ಪಾತ್ರೆ ನನ್ನಿಂದ ದೂರವಾಗಲಿ ಎಂದು ಬೇಡಿದವರು ಯೇಸುವೇ ಅಂತ ನಿಮಗೇ ಗೊತ್ತು. ಆ ಹಿರಿಯರ ಲೆಕ್ಕದಲ್ಲಿ ಅಳೆದರೆ ಅವರ ನಂಬಿಕೆಯೂ ಸಾಲದು ಅನ್ನಬೇಕಾಗುತ್ತದೆ.

ನಮ್ಮ ಜಿಲ್ಲೆಯ ಕಥೆಯೂ ಒಂದಿದೆ. 1784ರಲ್ಲಿ ಟಿಪ್ಪುವಿನ ಸೈನ್ಯ ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿದು, ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋಯಿತು. ಬಿಡುಗಡೆ ಆದದ್ದು 1799ರಲ್ಲಿ. ಹದಿನೈದು ವರ್ಷ! ಅಷ್ಟು ದಿನ ಅವರು ಪ್ರಾರ್ಥಿಸದೆ ಇದ್ದಿರುತ್ತಾರಾ? ದಾರಿಯಲ್ಲೂ ಸೆರೆಯಲ್ಲೂ ಎಷ್ಟೋ ಜನ ಸತ್ತರು. ಕೆಲವರು ತಪ್ಪಿಸಿಕೊಂಡು ಕೊಡಗಿಗೆ ಬಂದರು. ಕೊಡಗಿನ ಅರಸ ದೊಡ್ಡವೀರರಾಜೇಂದ್ರ ಅವರಿಗೆ ಆಶ್ರಯ ಕೊಟ್ಟ. ವಿರಾಜಪೇಟೆಯ ಸಂತ ಅನ್ನಮ್ಮ ದೇವಾಲಯದ ಮೂಲ ಅದು, 1792ರದ್ದು. ಬದುಕಿ ಬಂದು ಗುಡಿ ಕಟ್ಟಿದವರ ನಂಬಿಕೆ ದೊಡ್ಡದು, ದಾರಿಯಲ್ಲಿ ಮಗುವನ್ನು ಮಣ್ಣು ಮಾಡಿದ ತಾಯಿಯ ನಂಬಿಕೆ ಚಿಕ್ಕದು ಅನ್ನಲು ನನಗಂತೂ ಬಾಯಿ ಬರುವುದಿಲ್ಲ.

ಹಾಗಾದರೆ ಒಬ್ಬರಿಗೆ ಕೊಟ್ಟು ಇನ್ನೊಬ್ಬರಿಗೆ ಯಾಕೆ ಕೊಡಲಿಲ್ಲ? ಮಾರ್ಚ್ ತಿಂಗಳಲ್ಲಿ ನಮ್ಮ ಮನೆಯಲ್ಲಿ ಹೂಮಳೆಗೆ, ಅಂದರೆ ಕಾಫಿ ಹೂ ಅರಳಿಸುವ ಮಳೆಗೆ, ಪ್ರಾರ್ಥನೆ ನಡೆಯುತ್ತದೆ. ರೊಬಸ್ಟಾ ಕಾಫಿಯ ಮೊಗ್ಗು ಈಟಿಯ ಮೊನೆಯ ಹಾಗೆ ಬಿಗಿದು ನಿಂತಿರುತ್ತದೆ. ಒಂದು ಮಳೆ ಬಿದ್ದರೆ ಎಂಟು-ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗೆ, ಮಲ್ಲಿಗೆಯ ಪರಿಮಳ. ಬೇಲಿಯ ಆಚೆ ಕಣದಲ್ಲಿ ಪಕ್ಕದ ಮನೆಯವರ ಕರಿಮೆಣಸು ಒಣಗುತ್ತಿರುತ್ತದೆ. ಅವರು ಬಿಸಿಲಿಗೆ ಪ್ರಾರ್ಥಿಸುತ್ತಾರೆ. ಒಂದು ವರ್ಷ ನಮ್ಮ ಮಳೆ ಬಂತು. ಅಮ್ಮ ಸ್ತೋತ್ರ ಹೇಳುತ್ತಲೇ ಟಾರ್ಪಾಲ್ ಹಿಡಿದು ಅವರ ಕಣಕ್ಕೆ ಓಡಿದರು. ಸೆರಗಿನಲ್ಲಿ ಮೆಣಸು ಬಾಚಿ ತುಂಬಿದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ.

ಮಳೆಯ ವಿಷಯಕ್ಕೆ ಈ ಕಥೆ ಸಾಕು. ನಿಮ್ಮ ಯಜಮಾನರ ವಿಷಯಕ್ಕೆ ಸಾಲದು, ಅದು ನನಗೆ ಗೊತ್ತು. ಮೆಣಸನ್ನು ಮತ್ತೆ ಒಣಗಿಸಬಹುದು. ಅವರು ಯಾಕೆ ಹೋದರು ಎಂಬುದಕ್ಕೆ ನನ್ನಲ್ಲಿ ಉತ್ತರವಿಲ್ಲ, ಇದೆ ಅಂತ ನಟಿಸುವುದೂ ಇಲ್ಲ. ಆದರೆ ಉತ್ತರ ಬಂದ ಮನೆಯವರು ಟಾರ್ಪಾಲ್ ಹಿಡಿದು ಪಕ್ಕದ ಕಣಕ್ಕೆ ಓಡಬೇಕಿತ್ತು. ನಿಮ್ಮ ಸಭೆಯಲ್ಲಿ ಆಗದೆ ಹೋದದ್ದು ಅದು. ಸಾಕ್ಷಿ ಹೇಳಿದ ತಾಯಿಯದು ತಪ್ಪಲ್ಲ. ಅವರ ಸಂತೋಷ ದೇವರು ಕೊಟ್ಟದ್ದೇ. ಸಾಕ್ಷಿಗೆ ಮೈಕ್ ಇಟ್ಟ ನಾವು, ಅಳುವವರಿಗೆ ಒಂದು ಕುರ್ಚಿಯನ್ನೂ ಹಾಕಲಿಲ್ಲ. ಎಲ್ಲ ಸಭೆಗಳಿಗೂ ಸೇರಿಸಿ ಹೇಳುತ್ತಿದ್ದೇನೆ.

ಸತ್ಯವೇದದಲ್ಲಿ ಮಕ್ಕಳನ್ನೂ ಆಸ್ತಿಯನ್ನೂ ಕಳೆದುಕೊಂಡ ಯೋಬನ ಸ್ನೇಹಿತರೂ ಆ ಹಿರಿಯರ ಹಾಗೇ ಮಾಡಿದರು. ಏಳು ದಿನ ಸುಮ್ನೆ ಪಕ್ಕದಲ್ಲಿ ಕೂತಿದ್ದಾಗ ಸರಿಯಾಗಿದ್ದರು. ಬಾಯಿ ತೆರೆದು ತಪ್ಪು ನಿನ್ನದೇ ಎಂದಾಗ ಕೆಟ್ಟರು. ಕೊನೆಗೆ ದೇವರ ಕೋಪ ಬಿದ್ದದ್ದು ಆ ಸ್ನೇಹಿತರ ಮೇಲೆ, ಜಗಳವಾಡಿದ ಯೋಬನ ಮೇಲಲ್ಲ.

ಈಗ ಪ್ರಾರ್ಥನೆಗೆ ಕೂತರೆ ಮಾತೇ ಬರುವುದಿಲ್ಲ ಅಂತ ಬರೆದಿದ್ದೀರಿ. ಬರದಿದ್ದರೆ ಬೇಡ. 88ನೇ ಕೀರ್ತನೆ ಓದಿ. ಉಳಿದ ಎಷ್ಟೋ ಕೀರ್ತನೆಗಳ ಹಾಗೆ ಅದು ಸ್ತೋತ್ರದಲ್ಲಿ ಮುಗಿಯುವುದಿಲ್ಲ, ಕತ್ತಲೆಯಲ್ಲೇ ಮುಗಿಯುತ್ತದೆ. ಅದನ್ನೂ ಪ್ರಾರ್ಥನೆ ಅಂತಲೇ ಸತ್ಯವೇದದಲ್ಲಿ ಇಟ್ಟಿದ್ದಾರೆ ಅಲ್ವಾ? ಬುಧವಾರದ ಕೂಟಕ್ಕೆ ಹೋಗಲು ಕಷ್ಟವಾದರೆ ಸ್ವಲ್ಪ ದಿನ ಬಿಡಿ. ಸಾಕ್ಷಿ ಹೇಳಿದ ಆ ತಾಯಿಯನ್ನೇ ಒಂದು ಸಂಜೆ ಕಾಫಿಗೆ ಕರೆಯಿರಿ. ಅವರೂ ಆಸ್ಪತ್ರೆಯ ಬೆಂಚಿನ ಮೇಲೆ ರಾತ್ರಿ ಕಳೆದವರು, ನಿಮ್ಮ ನೋವು ಅವರಿಗೆ ಬೇಗ ಅರ್ಥವಾಗಬಹುದು.

ಪ್ರತಿ ಗುರುವಾರ ನಮ್ಮ ಕಚೇರಿಯಲ್ಲಿ ಕೆಲಸಕ್ಕೆ ಮುಂಚೆ ಪ್ರಾರ್ಥನೆಗೆ ಸೇರುತ್ತೇವೆ. ಈ ವಾರದಿಂದ ನಿಮ್ಮ ಹೆಸರನ್ನೂ ಮಕ್ಕಳ ಹೆಸರನ್ನೂ ಹೇಳುತ್ತೇವೆ. ಪತ್ರದ ಮೂಲೆ ಮಳೆಗೆ ನೆಂದು ಮಸಿ ಹರಡಿದೆ, ಚಿಕ್ಕ ಮಗನ ಹೆಸರು ಓದಲು ಆಗಲಿಲ್ಲ. ಒಂದು ಕಾರ್ಡ್ ಬರೆದು ತಿಳಿಸಿ.

ಪ್ರೀತಿಯಿಂದ,
ಸಂಪಾದಕ